ಅವನು ನನಗಿಂತ ಚೆನ್ನಾಗಿ ಹಾರಿಸುತ್ತಿದ್ದ

ಹೋದ ತಿಂಗಳು ಒಂದು ಭಾನುವಾರ ಡೊಂಬಿವಲಿಯಿಂದ ನಮ್ಮ ಕುಂದಾಪುರ ಕಡೆಯದೇ ಒಂದು ಸಂಸಾರ ಮನೆಗೆ ಬಂದಿತ್ತು. ಅಪ್ಪನಿಗೆ ಹೋಟೆಲ್ ಲೈನಿನ ಪರಿಚಯ. ಗಂಡ, ಹೆಂಡತಿ, ಹನ್ನೆರಡನೇ ಮುಗಿಸಿದ ಮಗ. ಕೈಯಲ್ಲಿ ಒಂದು ಡಜನ್ ಬಾಳೆಹಣ್ಣು ಮತ್ತು ಒಂದು ಪ್ಲಾಸ್ಟಿಕ್ ಫೈಲು. ಫೈಲಿನೊಳಗೆ ಯಾವುದೋ ಫ್ಲೈಯಿಂಗ್ ಸ್ಕೂಲಿನ ಬಣ್ಣದ ಕಾಗದ. ಕೊನೇ ಪುಟದಲ್ಲಿ ದಪ್ಪಕ್ಷರದಲ್ಲಿ, ಕಲಿತವರಿಗೆಲ್ಲ ಕೆಲಸ ಖಾತ್ರಿ ಅಂತ. ಹುಡುಗ ಮಾತಾಡಲಿಲ್ಲ, ಷೋಕೇಸಿನ ಮೇಲಿಟ್ಟಿದ್ದ ನನ್ನ ಪೈಲಟ್ ಟೋಪಿಯನ್ನೇ ನೋಡುತ್ತಿದ್ದ. ತಂದೆ ಮಾತ್ರ ನೇರ ವಿಷಯಕ್ಕೆ ಬಂದರು. "ನೀವು ಹೇಗೆ ಸೇರಿದ್ದು ಮಾರಾಯ್ರೆ? ಅಷ್ಟ್ ಹೇಳಿ ಸಾಕು. ಇವನೂ ಹಾಂಗೇ ಮಾಡ್ತ."

ನಾನು ಹೇಳಿದೆ. ಒಂದು ರೂಪಾಯಿ ಕಟ್ಟುವ ಮೊದಲು ಮೆಡಿಕಲ್, ಅಂದರೆ ಪೈಲಟ್‌ಗಳ ವೈದ್ಯಕೀಯ ಪರೀಕ್ಷೆ, ಮಾಡಿಸಿ, ಮೊದಲು ಕ್ಲಾಸ್ 2, ಆಮೇಲೆ ಅದಕ್ಕಿಂತ ಬಿಗಿಯಾದ ಕ್ಲಾಸ್ 1. ಚುಕ್ಕೆಗಳ ನಡುವೆ ಅಡಗಿದ ಅಂಕಿ ಓದಿಸುವ ಬಣ್ಣದ ಪುಸ್ತಕದ ಮುಂದೆ ಹುಡುಗ ತಡವರಿಸಿದರೆ ಮುಂದಿನ ದಾರಿ ಕಷ್ಟ, ಲಕ್ಷ ಲಕ್ಷ ಸುರಿದ ಮೇಲೆ ಅದು ಗೊತ್ತಾಗುವುದು ಬೇಡ. ನ್ಯಾವಿಗೇಶನ್, ಮೀಟಿಯರಾಲಜಿ, ರೆಗ್ಯುಲೇಶನ್, ಟೆಕ್ನಿಕಲ್ ಪೇಪರುಗಳನ್ನು ಮನೆಯಲ್ಲೇ ಓದಿ ಆದಷ್ಟು ಮುಗಿಸಿಕೊಂಡು ಹೋಗಲಿ. ಪಾಸಾಗಲು ನೂರಕ್ಕೆ 70 ಬೇಕು. ಹಣವನ್ನು ಒಟ್ಟಿಗೆ ಕಟ್ಟಬೇಡಿ, ಹಾರಿದ ಗಂಟೆ ನೋಡಿ ಕಟ್ಟಿ. ತಾಯಿ ಇದನ್ನೆಲ್ಲ ಹಳೇ ಡೈರಿಯಲ್ಲಿ ಬರೆದುಕೊಂಡರು. ಚಹಾ ಕುಡಿದು, ಸಮಾಧಾನದಿಂದಲೇ ಹೊರಟರು.

ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಹೇಳಿದ್ದರಲ್ಲಿ ಸುಳ್ಳು ಒಂದೂ ಇರಲಿಲ್ಲ. ಆದರೆ "ನೀವು ಹೇಗೆ ಸೇರಿದ್ದು" ಎಂಬುದಕ್ಕೆ ಅದು ಉತ್ತರವೂ ಆಗಿರಲಿಲ್ಲ. ಅದೇ ಮೆಡಿಕಲ್, ಅದೇ ಪೇಪರು, ಅಷ್ಟೇ ಗಂಟೆ ಇದ್ದವನೊಬ್ಬ, ನನಗಿಂತ ಚೆನ್ನಾಗಿ ಹಾರಿಸುತ್ತಿದ್ದವನು, ಇವತ್ತು ಹುಬ್ಬಳ್ಳಿಯಲ್ಲಿ ಟ್ರ್ಯಾಕ್ಟರ್ ಬಿಡಿಭಾಗದ ಅಂಗಡಿ ನಡೆಸುತ್ತಿದ್ದಾನೆ. ಅವನ ಸುದ್ದಿಯನ್ನೇ ನಾನು ಎತ್ತಿರಲಿಲ್ಲ.

ಇನ್ನೂರು ಗಂಟೆ

ಅವನ ಹೆಸರು ಇಲ್ಲಿ ಬೇಡ. ಫ್ಲೈಯಿಂಗ್ ಸ್ಕೂಲಿನಲ್ಲಿ ಎಲ್ಲರೂ ಅವನನ್ನು ಹುಬ್ಬಳ್ಳಿ ಅಂತಲೇ ಕರೆಯುತ್ತಿದ್ದರು, ನನ್ನನ್ನು ಘಾಟ್ಕೋಪರ್ ಅಂತ. ಇಡೀ ಹಾಸ್ಟೆಲಿನಲ್ಲಿ ಕನ್ನಡ ಬರುತ್ತಿದ್ದದ್ದು ನಮ್ಮಿಬ್ಬರಿಗೇ. ಮೊದಲ ವಾರ ಅವನ ಕನ್ನಡ ನನಗೆ ಅರ್ಧ ತಿಳಿಯಲಿಲ್ಲ, ನನ್ನದು ಕನ್ನಡವೇ ಅಲ್ಲ ಅಂತ ಅವನ ವಾದ.

ಕಮರ್ಷಿಯಲ್ ಲೈಸೆನ್ಸಿಗೆ 200 ಗಂಟೆ ಹಾರಾಟ ಬೇಕು, ಅದರಲ್ಲಿ 100 ಗಂಟೆ ನಾವೇ ಕಮಾಂಡಿನಲ್ಲಿದ್ದು ಹಾರಿಸಿದ್ದಿರಬೇಕು. ಇದನ್ನು ಕೇಳಿದ ಅಪ್ಪ ಹೋಟೆಲಿನ ಗಲ್ಲೆಯಲ್ಲಿ ಕೂತೇ ಲೆಕ್ಕ ಹಾಕಿದ್ದರು: ದಿನಕ್ಕೆ ಹತ್ತು ಗಂಟೆಯಂತೆ ಇಪ್ಪತ್ತು ದಿನ. "ಇಪ್ಪತ್ತ್ ದಿನದ ಕೆಲ್ಸಕ್ಕೆ ಎರಡ್ ವರ್ಷ ಎಂತಕ್ಕೆ?" ಎರಡಲ್ಲ, ನಮಗೆ ಎರಡೂವರೆ ಹಿಡಿಯಿತು. ವಿಮಾನ ಇದ್ದರೆ ಇನ್‌ಸ್ಟ್ರಕ್ಟರ್ ಇಲ್ಲ, ಇಬ್ಬರೂ ಇದ್ದರೆ ಮಂಜು, ಮಂಜು ಸರಿದರೆ ಟೈರು ಬಂದಿಲ್ಲ, ಟೈರು ಬಂದರೆ ಮಳೆಗಾಲ. ನಾಲ್ಕು ಸೆಸ್ನಾ ತರಬೇತಿ ವಿಮಾನಗಳಲ್ಲಿ ಎರಡು ಯಾವಾಗಲೂ ಹ್ಯಾಂಗರಿನಲ್ಲಿ ಹೊಟ್ಟೆ ಬಿಚ್ಚಿಕೊಂಡು ನಿಂತಿರುತ್ತಿದ್ದವು. ಊಟ, ಬಾಡಿಗೆ, ಪರೀಕ್ಷೆ ಫೀಸು ಎಲ್ಲ ಸೇರಿ ನಮ್ಮ ಮನೆಯಿಂದ ಹೋದದ್ದು 41 ಲಕ್ಷ. ಈ ಅಂಕಿಯನ್ನು ನಾನು ಎಲ್ಲರಿಗೂ ಹೇಳುತ್ತೇನೆ. ಕೇಳಿದವರು ಒಂದು ಕ್ಷಣ ಸುಮ್ಮನಾಗಿ, ಆಮೇಲೆ ಸಂಬಳ ಎಷ್ಟು ಅಂತ ಕೇಳುತ್ತಾರೆ. ನಡುವಿನ ವರ್ಷಗಳ ಬಗ್ಗೆ ಯಾರೂ ಕೇಳುವುದಿಲ್ಲ.

ಒಂದು ಮಧ್ಯಾಹ್ನ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಮೇ ತಿಂಗಳು, ರನ್‌ವೇ ಮೇಲೆ ಬಿಸಿಲು ಕುದಿಯುತ್ತಿತ್ತು, ಎಡಗಡೆಯಿಂದ ಅಡ್ಡಗಾಳಿ. ಅಡ್ಡಗಾಳಿಯಲ್ಲಿ ಇಳಿಸುವುದೆಂದರೆ ಮೂಗನ್ನು ಗಾಳಿಯ ಕಡೆ ತಿರುಗಿಸಿಕೊಂಡು ಏಡಿಯ ಹಾಗೆ ಅಡ್ಡಡ್ಡ ಬರಬೇಕು. ನೆಲ ಮುಟ್ಟುವ ಹೊತ್ತಿಗೆ ಕಾಲಿನಿಂದ ರಡ್ಡರ್, ಅಂದರೆ ಬಾಲದ ಚುಕ್ಕಾಣಿಯ ಪೆಡಲ್, ಒತ್ತಿ ಮೂಗನ್ನು ರನ್‌ವೇಗೆ ನೇರ ಮಾಡಿ, ಕೈಯಿಂದ ಗಾಳಿಯ ಕಡೆಯ ರೆಕ್ಕೆಯನ್ನು ಸ್ವಲ್ಪ ತಗ್ಗಿಸಬೇಕು. ಬರೆಯುವುದು ಸುಲಭ. ನಾನು ಆ ಮಧ್ಯಾಹ್ನ ಮೂರು ಸುತ್ತು ಹಾಕಿದೆ, ಮೂರು ಸಲವೂ ಎತ್ತಿನಗಾಡಿ ಹಳ್ಳಕ್ಕೆ ಇಳಿದ ಹಾಗೆ ಇಳಿಸಿದೆ. ಮೂರನೆಯದರಲ್ಲಿ ವಿಮಾನ ಎರಡು ಸಲ ಪುಟಿಯಿತು. ಇನ್‌ಸ್ಟ್ರಕ್ಟರ್ ಬೈಯಲಿಲ್ಲ, ಹೆಡ್‌ಸೆಟ್ ತೆಗೆದಿಟ್ಟು ನೀರು ಕುಡಿದರು. ನನ್ನ ನಂತರ ಅದೇ ವಿಮಾನ, ಅದೇ ಗಾಳಿ, ಹುಬ್ಬಳ್ಳಿ ಹೋದ. ಬೇಲಿಯ ಹತ್ತಿರದ ಬೇವಿನ ಮರದಡಿ ನಿಂತು ನೋಡಿದೆ. ಗದ್ದೆಯಲ್ಲಿ ಕೊಕ್ಕರೆ ಬಂದು ಕೂರುತ್ತದಲ್ಲ, ಹಾಗೆ. ಮೊದಲು ಎಡಚಕ್ರ, ಒಂದು ಉಸಿರು ಬಿಟ್ಟು ಬಲಚಕ್ರ, ಆಮೇಲೆ ಸಾವಕಾಶವಾಗಿ ಮೂಗಿನದು.

ರಾತ್ರಿ ಹಾಸ್ಟೆಲಿನ ಟೆರೇಸಿನಲ್ಲಿ ಎರಡು ಪ್ಲಾಸ್ಟಿಕ್ ಕುರ್ಚಿ ಹಾಕಿ, ನನ್ನ ಪಾದದ ಕೆಳಗೆ ಎರಡು ಚಪ್ಪಲಿ ಇಟ್ಟು ಪಾಠ ಮಾಡಿದ. "ಇದನ್ನ ಕೈಲೆ ಅಲ್ಲಲೇ, ಕಾಲ್ಲೆ ಹಾರಸ್ಬೇಕು. ನಿಂದು ಬರೀ ಕೈ ಓಡತಾವು, ಕಾಲ್ ನಿದ್ದಿ ಹೊಡಿತಾವು." ಒಂದು ಗಂಟೆ ಚಪ್ಪಲಿ ಒತ್ತಿಸಿದ. ಅವನು "ಗಾಳಿ ಎಡಕ್ಕ" ಅಂದರೆ ನಾನು ಬಲಗಾಲು, "ಬಲಕ್ಕ" ಅಂದರೆ ಎಡಗಾಲು. ಕೆಳಗಿನಿಂದ ಬಿಹಾರದ ಹುಡುಗರು ಇವರಿಗೇನು ಹುಚ್ಚೇ ಎಂದು ನೋಡುತ್ತಿದ್ದರು.

ಅದೃಷ್ಟ ಎಂಬುದರ ತಾರೀಖು

2019ರ ಜನವರಿಯಲ್ಲಿ ಇಬ್ಬರ ಲೈಸೆನ್ಸೂ ಬಂತು. ಹುಬ್ಬಳ್ಳಿ ಮುಂಬೈಗೆ ಬಂದಿದ್ದ. ಜುಹು ಏರೋಡ್ರೋಮಿನ ಗೋಡೆ ನೋಡಬೇಕು ಎಂದು ಹಟ ಹಿಡಿದ. ಗೋಡೆಯಲ್ಲಿ ನೋಡುವುದಕ್ಕೆ ಏನಿದೆ? 1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಕರಾಚಿಯಿಂದ ಅಹಮದಾಬಾದ್ ಮೇಲೆ ಟಪಾಲು ತಂದು ಇಳಿಸಿದ್ದು ಅಲ್ಲಿ. ಮುಂದೆ ಆ ಟಪಾಲನ್ನು ನೆವಿಲ್ ವಿನ್ಸೆಂಟ್ ಬಳ್ಳಾರಿ ಮೂಲಕ ಮದ್ರಾಸಿಗೆ ಒಯ್ದರು. "ನೋಡಲೇ, ಮುಂಬೈ ಬಿಟ್ಟ ಮ್ಯಾಲೆ ಮೊದ್ಲ ಇಳದದ್ದು ನಮ್ಮ ಕಡೇನ" ಅಂತ ಅವನ ಹೆಮ್ಮೆ. ಬಳ್ಳಾರಿ ಎಲ್ಲಿ, ಹುಬ್ಬಳ್ಳಿ ಎಲ್ಲಿ ಅಂದರೆ ಕೇಳುತ್ತಿರಲಿಲ್ಲ. ಬೀಚಿನಲ್ಲಿ ಭೇಲ್ ತಿಂದು, ಯಾವ ಏರ್‌ಲೈನಿಗೆ ಯಾರು ಮೊದಲು ಸೇರುತ್ತೇವೆ ಎಂದು ಬಾಜಿ ಕಟ್ಟಿದೆವು.

ಮೂರು ತಿಂಗಳಾಗಲಿಲ್ಲ. ಏಪ್ರಿಲ್ 17ರ ರಾತ್ರಿ ಜೆಟ್ ಏರ್‌ವೇಸ್‌ನ ಕೊನೆಯ ವಿಮಾನ ಅಮೃತಸರದಿಂದ ಹೊರಟು ಮುಂಬೈಗೆ ಬಂದಿಳಿಯಿತು. ನಮಗೆ ಅದರಲ್ಲಿ ಕೆಲಸ ಇರಲಿಲ್ಲ, ಅರ್ಜಿಯನ್ನೂ ಹಾಕಿರಲಿಲ್ಲ. ಆದರೂ ಹೊಡೆತ ಬಿದ್ದದ್ದು ನಮಗೂ. ಸಾವಿರಾರು ಗಂಟೆ ಹಾರಿಸಿದವರು, ಕ್ಯಾಪ್ಟನ್‌ಗಳು, ಎಲ್ಲ ಒಟ್ಟಿಗೆ ಕೆಲಸ ಹುಡುಕಿಕೊಂಡು ಹೊರಬಿದ್ದರು. ಉಳಿದ ಕಂಪನಿಗಳಿಗೆ ಅಂಥವರೇ ಸಿಗುವಾಗ ಸೆಸ್ನಾದಲ್ಲಿ ಇನ್ನೂರು ಗಂಟೆ ಸುತ್ತಿದ ನಮ್ಮನ್ನು ಯಾರು ಕೇಳುತ್ತಾರೆ? ನಮಗಿಂತ ಆರು ತಿಂಗಳು ಮೊದಲು ಮುಗಿಸಿದ ಸೀನಿಯರ್ ಒಬ್ಬರು, ಅವರ ಲ್ಯಾಂಡಿಂಗ್ ನನ್ನದಕ್ಕಿಂತಲೂ ಕೆಟ್ಟದು (ಇದನ್ನು ಓದಿದರೆ ನಗುತ್ತಾರೆ, ಕೋಪ ಮಾಡಿಕೊಳ್ಳುವುದಿಲ್ಲ), ಆಗಲೇ ಒಳಗೆ ಕೂತಾಗಿತ್ತು. ಈಗ ಅವರು ಕಮಾಂಡಿಗೆ, ಅಂದರೆ ಕ್ಯಾಪ್ಟನ್ ಆಗುವುದಕ್ಕೆ, ಕಾಯುತ್ತಿದ್ದಾರೆ. ಅದೃಷ್ಟ ಅಂತ ನಾವು ಸುಮ್ಮನೆ ಹೇಳಿಬಿಡುತ್ತೇವೆ. ಈ ಧಂಧೆಯಲ್ಲಿ ಮಾತ್ರ ಅದಕ್ಕೆ ಸರಿಯಾಗಿ ತಾರೀಖು ಹಾಕಿ ತೋರಿಸಬಹುದು.

ಗಲ್ಲೆ

ಅಪ್ಪ ಪಾಲುದಾರರಾಗಿರುವ ಹೋಟೆಲ್ ಘಾಟ್ಕೋಪರ್ ಪಶ್ಚಿಮದಲ್ಲಿದೆ. ಪಡುಗಾಳಿ ಇದ್ದಷ್ಟು ದಿನ ಮುಂಬೈಗೆ ಇಳಿಯುವ ವಿಮಾನಗಳು 27ನೇ ರನ್‌ವೇಗೆ ನಮ್ಮ ತಲೆಯ ಮೇಲೇ ಹೋಗುತ್ತವೆ, ಸಾವಿರ ಅಡಿಗಿಂತ ಕೆಳಗೆ, ಚಕ್ರ ಬಿಟ್ಟುಕೊಂಡು. ಆಮೇಲೆ ಅಸಲ್ಫಾದ ಗುಡ್ಡ, ಜರಿಮರಿ, ಅಲ್ಲಿಂದ ರನ್‌ವೇ. 2019ರ ಜುಲೈಯಿಂದ ನಾನು ಆ ಗಲ್ಲೆಯಲ್ಲಿ ಕೂತೆ. ಪೈಲಟ್ ಲೈಸೆನ್ಸ್ ಇಟ್ಟುಕೊಂಡು ಇಡ್ಲಿ, ಮೇದುವಡೆ, ಸಾದಾ ದೋಸೆಯ ಬಿಲ್ಲು ಹರಿಯುತ್ತಾ ಎರಡೆರಡು ನಿಮಿಷಕ್ಕೆ ತಲೆಯ ಮೇಲೆ ಒಂದೊಂದು ಏರ್‌ಬಸ್ ಹೋಗುವುದನ್ನು ಕೇಳಿಸಿಕೊಳ್ಳುವುದು ಹೇಗಿರುತ್ತದೆ ಅಂತ ವಿವರಿಸಲು ಹೋಗುವುದಿಲ್ಲ. ಗಿರಾಕಿಗಳಲ್ಲಿ ಕೆಲವರಿಗೆ ಗೊತ್ತಿತ್ತು. "ಅರೆ ಪೈಲಟ್, ಏಕ್ ಕಟಿಂಗ್ ಬೋಲ್" ಅನ್ನುತ್ತಿದ್ದರು, ಪ್ರೀತಿಯಿಂದಲೇ.

ಅಪ್ಪನ ಪ್ರಕಾರ ಇದೆಲ್ಲ ವಶೀಲಿಯ ಪ್ರಶ್ನೆ. "ವಶೀಲಿ ಇಲ್ದೆ ಎಂತ ಆತ್ತ್ ಮಾರಾಯ?" ಮಾಟುಂಗಾದ ಮೈಸೂರು ಅಸೋಸಿಯೇಶನ್ನಿನಲ್ಲಿ ಯಾವ ಕಾರ್ಯಕ್ರಮವಿದ್ದರೂ ನನ್ನನ್ನು ಕರೆದುಕೊಂಡು ಹೋಗಿ, ಯಕ್ಷಗಾನದ ನಡುವೆಯೇ ಯಾರಾದರೂ ದೊಡ್ಡವರ ಹತ್ತಿರ ಪರಿಚಯ ಮಾಡಿಸುತ್ತಿದ್ದರು. ಅವರೆಲ್ಲ ಬ್ಯಾಂಕಿನವರು, ಹೋಟೆಲಿನವರು, ಒಬ್ಬರು ರೈಲ್ವೆ. ವಿಮಾನದ ಕಡೆ ಗೊತ್ತಿದ್ದವರು ಯಾರೂ ಸಿಗಲಿಲ್ಲ. ಒಬ್ಬ ಹಿರಿಯರು ಮಾತ್ರ ಗಂಭೀರವಾಗಿ, ಅಲ್ಲಿಯವರೆಗೆ ನಮ್ಮ ಸೊಸೈಟಿಯಲ್ಲಿ ಕ್ಲರ್ಕ್ ಆಗ್ತೀಯಾ ಅಂದರು.

ಆಮೇಲೆ 2020ರ ಮಾರ್ಚ್ 25. ದೇಶದೊಳಗಿನ ವಿಮಾನಗಳೆಲ್ಲ ನಿಂತವು, ಎರಡು ತಿಂಗಳು. ಹೋಟೆಲಿಗೂ ಬೀಗ. ಮೊದಲ ರಾತ್ರಿ ಅಪ್ಪ ಎದ್ದು ಕೂತಿದ್ದರು. ಮೂವತ್ತು ವರ್ಷದಿಂದ ಆ ಸದ್ದಿನ ಕೆಳಗೆ ಮಲಗಿ ಅಭ್ಯಾಸ, ಸದ್ದಿಲ್ಲದೆ ನಿದ್ದೆ ಬಂದಿರಲಿಲ್ಲ. ನನ್ನ ಕೆಲಸದ ಬಗ್ಗೆ ಅವರು ನಿಜವಾಗಿ ಹೆದರಿದ್ದು ಅವತ್ತೇ ಇರಬೇಕು. ಅಲ್ಲಿಯವರೆಗೆ "ಕಾಂಬ, ಬತ್ತ್" ಅನ್ನುತ್ತಿದ್ದವರು ಆಮೇಲೆ ಕೆಲವು ತಿಂಗಳು ಆ ಮಾತೆತ್ತಲಿಲ್ಲ.

ಲೈಸೆನ್ಸ್ ಅನ್ನುವುದು ಪದವಿಯ ಸರ್ಟಿಫಿಕೇಟಿನ ಹಾಗೆ ಗೋಡೆಗೆ ತೂಗುಹಾಕಿ ಮರೆಯುವ ವಸ್ತು ಅಲ್ಲ, ಹೊರಗಿನವರಿಗೆ ಇದು ತಿಳಿದಿರುವುದಿಲ್ಲ. ಅದು ದೋಸೆ ಹಿಟ್ಟಿನ ಹಾಗೆ, ಇಟ್ಟಲ್ಲೇ ಹುಳಿಯಾಗುತ್ತದೆ. ಮೆಡಿಕಲ್‌ಗೆ ಅವಧಿ ಇದೆ, ಇನ್‌ಸ್ಟ್ರುಮೆಂಟ್ ರೇಟಿಂಗನ್ನು, ಅಂದರೆ ಹೊರಗೆ ಕಾಣದಿದ್ದರೂ ಉಪಕರಣ ನೋಡಿಯೇ ಹಾರಿಸುವ ಅರ್ಹತೆಯನ್ನು, ಆಗಾಗ ಹಾರಿ ತೋರಿಸಿ ನವೀಕರಿಸಬೇಕು, ಅದಕ್ಕೆ ಮತ್ತೆ ವಿಮಾನ ಬಾಡಿಗೆ ಹಿಡಿಯಬೇಕು. ಕೆಲಸ ಇಲ್ಲದವನು ಕೆಲಸಕ್ಕೆ ಅರ್ಹನಾಗಿ ಉಳಿಯುವುದಕ್ಕೇ ಲಕ್ಷಗಟ್ಟಲೆ ಸುರಿಯುತ್ತಿರಬೇಕು. ಇದರ ಮೇಲೆ ಟೈಪ್ ರೇಟಿಂಗ್. ಸೆಸ್ನಾ ಓಡಿಸುವವನು ಏರ್‌ಬಸ್ 320 ಓಡಿಸಬೇಕಾದರೆ ಆ ವಿಮಾನದ್ದೇ ತರಬೇತಿ ಬೇಕು. ನಾನು ನೋಡಿದ ಜಾಹೀರಾತುಗಳಲ್ಲಿ ಹೆಚ್ಚಿನವು ಅದನ್ನು ಮೊದಲೇ ಮುಗಿಸಿಕೊಂಡವರನ್ನೇ ಕೇಳುತ್ತಿದ್ದವು. ಅಪ್ಪ ಊರಿನ ತೆಂಗಿನ ತೋಟದ ಮೇಲೆ ಸಾಲ ಎತ್ತಿದರು. 17 ಲಕ್ಷ. ಅಜ್ಜಿಗೆ ಹೇಳಲಿಲ್ಲ.

ಹುಬ್ಬಳ್ಳಿಯ ಮನೆಯಲ್ಲಿ ಎತ್ತುವುದಕ್ಕೆ ಎರಡನೇ ತೋಟ ಇರಲಿಲ್ಲ. ಮೊದಲ ಸಾಲಕ್ಕೇ ಮನೆ ಅಡ ಇತ್ತು. ಕಂತು ಶುರುವಾಗಿತ್ತು. 2021ರ ದೀಪಾವಳಿಯ ಹೊತ್ತಿಗೆ ಫೋನ್ ಮಾಡಿದ. ಚಿಕ್ಕಪ್ಪನ ಅಂಗಡಿಯಲ್ಲಿ ಕೂರುತ್ತೇನೆ, ಮೆಡಿಕಲ್ ನವೀಕರಿಸುವುದಿಲ್ಲ ಅಂದ. ನಾನು ಇನ್ನೊಂದು ವರ್ಷ ನೋಡು ಅಂದೆ. "ನೋಡ್ಕೋಂತ ಕುಂದ್ರಾಕ ರೊಕ್ಕ ಬೇಕಲ್ಲೋ" ಅಂದ. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ, ಈಗಲೂ ಇಲ್ಲ. ಅವನು ಹೇಳಿದ್ದು ಸರಿಯಾಗಿಯೇ ಇತ್ತು. ಒಂಬತ್ತು ತಿಂಗಳಲ್ಲಿ, 2022ರ ಆಗಸ್ಟ್ 7ರಂದು, ಆಕಾಸಾ ಏರ್‌ನ ಮೊದಲ ವಿಮಾನ ಮುಂಬೈಯಿಂದ ಅಹಮದಾಬಾದಿಗೆ ಹಾರಿತು. ಉಳಿದ ಕಂಪನಿಗಳೂ ಜನ ತೆಗೆದುಕೊಳ್ಳಲು ಶುರು ಮಾಡಿದ್ದವು. ಮರುವರ್ಷ ಏರ್ ಇಂಡಿಯಾ 470, ಇಂಡಿಗೊ 500 ವಿಮಾನಗಳನ್ನು ಖರೀದಿಸುವ ಮಾತಾಯಿತು. ಬಾಗಿಲು ತೆರೆಯಿತು, ಅವನ ಕಾಗದಗಳ ಅವಧಿ ಅಷ್ಟರೊಳಗೆ ಮುಗಿದಿತ್ತು.

ಬಲಗಾಲು

ನನಗೆ ಕರೆ ಬಂದದ್ದು 2022ರ ಅಕ್ಟೋಬರಿನಲ್ಲಿ. ಲಿಖಿತ ಪರೀಕ್ಷೆ, ಆಮೇಲೆ ಕಂಪ್ಯೂಟರ್ ಮುಂದೆ ಒಂದು ಕಾಟ: ಒಂದು ಕೈಯಲ್ಲಿ ಓಡುವ ಚುಕ್ಕೆಯನ್ನು ನಡುವಿನಲ್ಲಿ ಹಿಡಿದಿಡಬೇಕು, ಕಿವಿಯಲ್ಲಿ ಲೆಕ್ಕ ಕೇಳಿಸಿಕೊಂಡು ಇನ್ನೊಂದು ಕೈಯಲ್ಲಿ ಉತ್ತರ ಒತ್ತಬೇಕು. ಇದು ನನಗೆ ಕಷ್ಟವಾಗಲಿಲ್ಲ. ಗಲ್ಲೆಯಲ್ಲಿ ಕೂತವನಿಗೆ ಅದು ದಿನದ ಕೆಲಸ.

ಸಂದರ್ಶನದಲ್ಲಿ ಮೂವರಿದ್ದರು. ನಡುವಿನ ಕ್ಯಾಪ್ಟನ್ ನನ್ನ ಕಾಗದ ತಿರುವಿ, ಈ ಮೂರು ವರ್ಷ ಏನು ಮಾಡುತ್ತಿದ್ದೆ ಅಂದರು. ಕೋಚಿಂಗ್ ಕ್ಲಾಸಿನವರು ಇದಕ್ಕೆ ಚಂದದ ಉತ್ತರ ಬಾಯಿಪಾಠ ಮಾಡಿಸಿದ್ದರು, "ಜ್ಞಾನವನ್ನು ಹರಿತಗೊಳಿಸುತ್ತಿದ್ದೆ" ಎಂಬಂಥದ್ದು. ಬಾಯಿಗೆ ಬರಲಿಲ್ಲ. ಹೋಟೆಲಿನ ಕ್ಯಾಶ್ ಕೌಂಟರಿನಲ್ಲಿದ್ದೆ ಅಂದುಬಿಟ್ಟೆ. ಅವರು ತಲೆ ಎತ್ತಿದರು. ಯಾವ ಹೋಟೆಲ್, ಎಲ್ಲಿ, ಮಧ್ಯಾಹ್ನದ ಗಲಾಟೆಯಲ್ಲಿ ಗಿರಾಕಿ ಬಿಲ್ಲು ತಪ್ಪಾಗಿದೆ ಅಂತ ಕೂಗಾಡಿದರೆ ಏನು ಮಾಡ್ತೀಯ? ಮೊದಲು ಅವನ ಹಿಂದಿನವರ ದುಡ್ಡು ತೆಗೆದುಕೊಂಡು ಸಾಲು ಖಾಲಿ ಮಾಡುತ್ತೇನೆ, ಆಮೇಲೆ ಅವನ ಜೊತೆ ಬಿಲ್ಲು ಓದುತ್ತೇನೆ ಅಂದೆ. ಏನೋ ಬರೆದುಕೊಂಡರು. ನಂತರ ಏರ್‌ಬಸ್ಸಿನ ಮೂರು ಹೈಡ್ರಾಲಿಕ್ ವ್ಯವಸ್ಥೆಗಳ ಬಗ್ಗೆ ಕೇಳಿದರು. ಹಸಿರು, ನೀಲಿ, ಹಳದಿ, ಯಾವುದು ಹೋದರೆ ಏನು ಉಳಿಯುತ್ತದೆ. ಅದನ್ನು ನಾನು ಬಿಲ್‌ಬುಕ್ಕಿನ ಹಿಂಬದಿಯಲ್ಲಿ ಎಷ್ಟು ಸಲ ಬಿಡಿಸಿದ್ದೆನೆಂದರೆ ಒಂದು ದಿನ ಗಿರಾಕಿಯೊಬ್ಬ ಚಿತ್ರ ಸಮೇತ ಬಿಲ್ಲು ಒಯ್ದಿದ್ದ.

ಆದರೆ ಕೆಲಸ ಸಿಕ್ಕಿದ್ದು ಅಲ್ಲಲ್ಲ, ಸಿಮ್ಯುಲೇಟರಿನಲ್ಲಿ. ಟೇಕಾಫ್, ವೇಗ ವಿ1 ದಾಟಿತು, ಅಂದರೆ ಇನ್ನು ನಿಲ್ಲಿಸುವ ಮಾತಿಲ್ಲ, ಹಾರಲೇಬೇಕು. ಆ ಕ್ಷಣಕ್ಕೆ ಪರೀಕ್ಷಕರು ಎಡ ಎಂಜಿನ್ ಆರಿಸಿದರು. ಮೂಗು ಎಡಕ್ಕೆ ಎಳೆಯಿತು. ಹೊಸಬರು ಇಲ್ಲಿ ಮಾಡುವ ತಪ್ಪು ಒಂದೇ: ಕೈಯಿಂದ ಸರಿಮಾಡಲು ಹೋಗುವುದು. ನನಗೆ ಯೋಚಿಸಲು ಸಮಯ ಇರಲಿಲ್ಲ, ಆದರೆ ಬಲಗಾಲು ಆಗಲೇ ಒತ್ತಿಯಾಗಿತ್ತು. ಟೆರೇಸು, ಪ್ಲಾಸ್ಟಿಕ್ ಕುರ್ಚಿ, ಸವೆದ ಚಪ್ಪಲಿ. "ಕಾಲ್ಲೆ ಹಾರಸ್ಬೇಕು." ಮೂಗು ನೇರವಾಯಿತು. ನೇರವಾಗಿಯೇ ಮೇಲೆ ಹೋದೆವು. ಹಿಂದಿನ ಸೀಟಿನಿಂದ ಪರೀಕ್ಷಕರು, ಕಾಲು ಚೆನ್ನಾಗಿದೆ, ಯಾರು ಕಲಿಸಿದ್ದು ಅಂದರು. ನಾನು ನನ್ನ ಇನ್‌ಸ್ಟ್ರಕ್ಟರ್ ಹೆಸರು ಹೇಳಿದೆ.

ಯಾಕೆ ಹಾಗೆ ಹೇಳಿದೆ? ಟ್ರ್ಯಾಕ್ಟರ್ ಅಂಗಡಿಯ ಹೆಸರು ಹೇಳಿದರೆ ಅವರಿಗೆ ಏನೂ ತಿಳಿಯುತ್ತಿರಲಿಲ್ಲ ಅನ್ನುವುದು ಒಂದು ಕಾರಣ. ಬೇರೆ ಕಾರಣಗಳೂ ಇವೆ, ಅವು ಅಷ್ಟು ಒಳ್ಳೆಯವಲ್ಲ. ಡೊಂಬಿವಲಿಯವರು ಬಂದುಹೋದ ರಾತ್ರಿ ನಿದ್ದೆ ಕೆಟ್ಟದ್ದು ಇದರಿಂದಲೇ. ಅವತ್ತೂ ಅವನನ್ನು ಬಿಟ್ಟೇ ಮಾತಾಡಿದ್ದೆ, ಇವತ್ತೂ ಬಿಟ್ಟೆ.

ಹೋದ ವಾರ ಡೊಂಬಿವಲಿಯ ತಂದೆ ಫೋನ್ ಮಾಡಿದರು. ಮೆಡಿಕಲ್ ಆಯಿತಂತೆ, ಬಣ್ಣದ ಪುಸ್ತಕ ಹುಡುಗ ಸರಿಯಾಗಿ ಓದಿದನಂತೆ. ಶುಕ್ರವಾರದೊಳಗೆ ಪೂರ್ತಿ ಹಣ ಕಟ್ಟಿದರೆ ಸ್ಕೂಲಿನವರು ರಿಯಾಯಿತಿ ಕೊಡುತ್ತಾರಂತೆ, ಕಟ್ಟಲಾ? ಕಟ್ಟಬೇಡಿ, ನನ್ನ ಸ್ನೇಹಿತನೊಬ್ಬನಿದ್ದಾನೆ, ಅವನ ಹತ್ತಿರವೂ ಒಂದು ಮಾತು ಕೇಳಿ ಅಂದೆ. ಆಮೇಲೆ ಹುಬ್ಬಳ್ಳಿಗೆ ಮೆಸೇಜ್ ಹಾಕಿದೆ: ಹೀಗೊಬ್ಬ ಹುಡುಗ, ನಿನ್ನ ನಂಬರ್ ಕೊಡಲಾ, ಇದ್ದದ್ದನ್ನು ಇದ್ದ ಹಾಗೆ ಹೇಳು, ಸಾಲದ ಕಥೆ ಸಮೇತ.

ಅವನು ಅದಕ್ಕೆ ಉತ್ತರಿಸಲಿಲ್ಲ. ಬದಲಿಗೆ, "ನಿನ್ನೆ ರಾತ್ರಿ ಮುಂಬೈಗೆ ಬಂದ್ಯಲ್ಲ? 240ರಿಂದ 18 ನಾಟ್, ಗಸ್ಟ್ 28 ಇತ್ತು" ಅಂತ ಬಂತು. ಮುಂಬೈಯ ಹವಾಮಾನ ವರದಿ ಅರ್ಧ ಗಂಟೆಗೊಂದು ಬರುತ್ತದೆ. ಅಂಗಡಿಯಲ್ಲಿ ಕೂತು ಈಗಲೂ ಅದನ್ನು ಓದುತ್ತಾನೆ. ರನ್‌ವೇ 27 ಅಂದರೆ 270 ಡಿಗ್ರಿ ದಿಕ್ಕು, 240ರಿಂದ ಬರುವ ಗಾಳಿ ಅದಕ್ಕೆ 30 ಡಿಗ್ರಿ ಓರೆ, ಅಂದರೆ ಗಾಳಿಯ ಅರ್ಧ ವೇಗ ಅಡ್ಡಗಾಳಿ, ಗಸ್ಟಿನಲ್ಲಿ, ಗಾಳಿ ಒಮ್ಮೆಲೇ ಜೋರಾದಾಗ, 14 ನಾಟ್. ಲೆಕ್ಕವನ್ನೂ ಅವನೇ ಮಾಡಿ ಕಳಿಸಿದ್ದ. "ಯಾರ ಇಳಿಸಿದ್ರು?"

ಕ್ಯಾಪ್ಟನ್ ಅಂತ ಬರೆದೆ. ಮಳೆಗಾಲದ ಇಂಥ ರಾತ್ರಿಗಳಲ್ಲಿ ನಮ್ಮಂಥವರ ಕೈಗೆ ಲ್ಯಾಂಡಿಂಗ್ ಬರುವುದಿಲ್ಲ.

"ಚಲೋ ಆತು ಬಿಡು. ಮಂದಿ ಉಳಕೊಂಡ್ರು."

ಸಿಮ್ಯುಲೇಟರಿನ ಬಲಗಾಲಿನ ವಿಷಯವನ್ನು ಇವತ್ತಾದರೂ ಬರೆದುಬಿಡೋಣ ಅಂತ ಎರಡು ಸಾಲು ಟೈಪ್ ಮಾಡಿದೆ. ಕಳಿಸುವಷ್ಟರಲ್ಲಿ ಅವನದೇ ಇನ್ನೊಂದು ಬಂತು.

"ನಂಬರ್ ಕೊಡು. ಎಂಟರ ಮ್ಯಾಲೆ ಮಾಡಾಕ ಹೇಳು, ಅಂಗಡಿ ಬಾಗಲಾ ಹಾಕಿರ್ತೀನಿ."